ಗಾಳಕ್ಕೆ ಯಾವ ಎರೆ? ಪುಣೆ ಸುತ್ತಮುತ್ತ ಮೀನು ಹಿಡಿಯಲು ಹೊರಟ ಹೊಸಬರು ತಿಳಿದಿರಬೇಕಾದ ಸಂಗತಿಗಳು

ಪುಣೆ: ವಾರಾಂತ್ಯ ಬಂತೆಂದರೆ ಖಡಕ್‌ವಾಸ್ಲಾ, ಪಾನ್‌ಶೇತ್, ಮುಳಶಿ, ಪವನಾ ಜಲಾಶಯಗಳ ಹಿನ್ನೀರಿನ ದಂಡೆಯಲ್ಲಿ ಗಾಳ ಹಿಡಿದು ಕುಳಿತವರು ಕಾಣಸಿಗುತ್ತಾರೆ. ಅವರನ್ನು ನೋಡಿ ತಾವೂ ಒಂದು ಕೈ ನೋಡೋಣ ಎಂದು ಆನ್‌ಲೈನ್‌ನಲ್ಲಿ ರಾಡ್, ರೀಲ್ ಮತ್ತು ಒಂದು ಡಬ್ಬಿ ತುಂಬ ಬಣ್ಣಬಣ್ಣದ ಲೂರ್ ತರಿಸಿಕೊಳ್ಳುವವರು ಹೆಚ್ಚು. ಇಡೀ ದಿನ ಎಸೆದು ಎಳೆದರೂ ಒಂದು ಮೀನೂ ಕಚ್ಚದೆ ಬರಿಗೈಯಲ್ಲಿ ಮರಳುವವರೂ ಅಷ್ಟೇ ಹೆಚ್ಚು.

ಇದಕ್ಕೆ ಅದೃಷ್ಟವನ್ನು ದೂರಿ ಫಲವಿಲ್ಲ. ಈ ನೀರಿನಲ್ಲಿ ಹೆಚ್ಚಾಗಿ ಸಿಗುವ ಮೀನುಗಳು ಲೂರ್ ಬೆನ್ನಟ್ಟುವ ಜಾತಿಯವಲ್ಲ. ಎರೆಯ ಆಯ್ಕೆ ಅಂಗಡಿಯ ಕಪಾಟಿನಿಂದ ಅಲ್ಲ, ಮೀನಿನ ಬಾಯಿಯಿಂದ ಶುರುವಾಗಬೇಕು. ಯಾವ ಮೀನು, ಅದು ನೀರಿನ ಯಾವ ಮಟ್ಟದಲ್ಲಿ ಏನು ತಿನ್ನುತ್ತದೆ ಎಂಬುದು ಗೊತ್ತಾದರೆ ಅಡುಗೆಮನೆಯ ಹಿಡಿ ಹಿಟ್ಟೇ ಸಾಕು. ಗೊತ್ತಿಲ್ಲದಿದ್ದರೆ ದುಬಾರಿ ಲೂರ್ ಕೂಡ ವ್ಯರ್ಥ.

ಎರೆ ಮತ್ತು ಲೂರ್: ಏನು ವ್ಯತ್ಯಾಸ?

ಗಾಳದ ಕೊಕ್ಕೆಗೆ ಸಿಕ್ಕಿಸುವ ತಿನ್ನುವ ಪದಾರ್ಥವೇ ಎರೆ. ಹಿಟ್ಟಿನ ಉಂಡೆ, ಎರೆಹುಳು, ಸಿಗಡಿ, ಕೋಳಿಯ ಈಲಿ, ಬೇಯಿಸಿದ ಜೋಳದ ಕಾಳು ಎಲ್ಲವೂ ಇದರಲ್ಲಿ ಸೇರುತ್ತವೆ. ಇದು ವಾಸನೆ ಮತ್ತು ರುಚಿಯಿಂದ ಮೀನನ್ನು ಕರೆಯುತ್ತದೆ. ಎರೆ ಹಾಕಿದ ಮೇಲೆ ಕಾಯುವುದೇ ಕೆಲಸ.

ಲೂರ್ ಎಂದರೆ ಲೋಹ, ಪ್ಲಾಸ್ಟಿಕ್, ರಬ್ಬರ್ ಅಥವಾ ಮರದಿಂದ ಮಾಡಿದ ಕೃತಕ ಎರೆ. ಅದಕ್ಕೆ ರುಚಿಯಿಲ್ಲ. ಚಲನೆ, ಹೊಳಪು ಮತ್ತು ನೀರಿನಲ್ಲಿ ಎಬ್ಬಿಸುವ ಕಂಪನದಿಂದ ಅದು ಓಡುತ್ತಿರುವ ಸಣ್ಣ ಮೀನು ಅಥವಾ ಕಪ್ಪೆಯ ಭ್ರಮೆ ಹುಟ್ಟಿಸುತ್ತದೆ. ಹಾಗಾಗಿ ಬೇಟೆಯಾಡಿ ತಿನ್ನುವ ಮೀನುಗಳು ಮಾತ್ರ ಇದಕ್ಕೆ ಬಲವಾಗಿ ಎರಗುತ್ತವೆ. ಲೂರ್ ಬಳಸುವವರು ಎಸೆಯುತ್ತ, ಎಳೆಯುತ್ತ, ಜಾಗ ಬದಲಿಸುತ್ತ ಇರಬೇಕು.

ಯಾವ ಮೀನಿಗೆ ಯಾವ ಎರೆ?

ಪುಣೆಯ ಮೀನು ಮಾರುಕಟ್ಟೆಯಲ್ಲಿ, ದಂಡೆಯಲ್ಲಿ ಕೇಳಿಬರುವುದು ಮರಾಠಿ ಹೆಸರುಗಳು. ಅವು ಗೊತ್ತಿದ್ದರೆ ಸ್ಥಳೀಯರನ್ನು ವಿಚಾರಿಸುವುದು ಸುಲಭ. ಎರೆಹುಳುವಿಗೆ ಇಲ್ಲಿ ಗಾಂಡೂಳ್, ನಾದಿದ ಹಿಟ್ಟಿಗೆ ಕಣೀಕ್, ಗಾಳಕ್ಕೆ ಗಳ್ ಎನ್ನುತ್ತಾರೆ.

* ಜಿಲೇಬಿ ಮೀನು: ಮರಾಠಿಯಲ್ಲಿ ಚಿಲಾಪಿ. ಆಫ್ರಿಕಾ ಮೂಲದ ಈ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂತು. ಪಾಚಿ, ಹುಳು, ಹಿಟ್ಟು ಎಲ್ಲವನ್ನೂ ತಿನ್ನುತ್ತದೆ. ದಂಡೆಗೆ ಹತ್ತಿರದ ಆಳವಿಲ್ಲದ ನೀರಿನಲ್ಲೇ ಇರುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮೊದಲ ಮೀನು ಇಲ್ಲ. ಬಟಾಣಿ ಗಾತ್ರದ ಹಿಟ್ಟು ಅಥವಾ ಎರೆಹುಳುವಿನ ಅರ್ಧ ತುಂಡು ಸಾಕು.

* ಸಾಮಾನ್ಯ ಗೆಂಡೆ: ಬಾಯಿಯ ಬಳಿ ಎರಡು ಜೊತೆ ಮೀಸೆ ಇರುವ ಈ ಮೀನು ತಳದ ಕೆಸರನ್ನು ಕೆದಕಿ ಆಹಾರ ಹುಡುಕುತ್ತದೆ. ಎರೆ ತಳದಲ್ಲೇ ಕೂರಬೇಕು. ಬೇಯಿಸಿದ ಮೆಕ್ಕೆಜೋಳದ ಕಾಳು, ಸಿಹಿ ಬೆರೆಸಿದ ಹಿಟ್ಟಿನ ಉಂಡೆ, ಎರೆಹುಳು ಸೂಕ್ತ.

* ರೋಹು, ಮೃಗಾಲ್, ಕಾಟ್ಲಾ: ಮೂರೂ ಒಂದೇ ಜಲಾಶಯದಲ್ಲಿದ್ದರೂ ಊಟದ ಪಂಕ್ತಿ ಬೇರೆ ಬೇರೆ. ಕಾಟ್ಲಾದ ಬಾಯಿ ಮೇಲ್ಮುಖವಾಗಿದ್ದು, ಅದು ಮೇಲಿನ ಪದರದ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ಮಧ್ಯದಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಒಂದೇ ಹಿಟ್ಟನ್ನು ಬೆಂಡಿನ ಸಹಾಯದಿಂದ ಬೇರೆ ಬೇರೆ ಆಳದಲ್ಲಿ ಇಟ್ಟು ನೋಡಬೇಕು. ಕಾಟ್ಲಾಕ್ಕೆ ನೀರಿನಲ್ಲಿ ಬೇಗ ಕರಗಿ ಹರಡುವ ಮೆದು ಹಿಟ್ಟು, ಮೃಗಾಲ್‌ಗೆ ತಳದಲ್ಲಿ ನಿಲ್ಲುವ ಗಟ್ಟಿ ಉಂಡೆ ಹೊಂದುತ್ತದೆ.

* ಹಾವು ಮೀನು: ಮರಾಠಿಯಲ್ಲಿ ವಾಮ್. ಕಲ್ಲುಸಂದಿಗಳಲ್ಲಿ ಅಡಗಿದ್ದು ಕತ್ತಲಾದಾಗ ಹೊರಬರುತ್ತದೆ. ಎರೆಹುಳುವೇ ಇದಕ್ಕೆ ಪರಮಾನ್ನ.

* ಮೀಸೆ ಮೀನುಗಳು: ಇಲ್ಲಿ ಶಿಂಗಾಳಾ ಎಂದು ಕರೆಯುವ ದೊಡ್ಡ ಮೀಸೆ ಮೀನು, ಬಾಳೆ ಮೀನು, ಮಾಗೂರ್ ಈ ಗುಂಪಿನವು. ವಾಸನೆಯೇ ಇವುಗಳ ಕಣ್ಣು. ಕೋಳಿಯ ಈಲಿ, ಕರುಳು, ಸಿಗಡಿ, ಎರೆಹುಳುಗಳ ಗೊಂಚಲು ಕೆಲಸ ಮಾಡುತ್ತವೆ. ಸಂಜೆಯ ನಂತರ ಕಚ್ಚುವುದು ಹೆಚ್ಚು. ಅಗಲ ಬಾಯಿಯ ಬಾಳೆ ಮೀನು ಲೂರ್‌ಗೂ ಎರಗುತ್ತದೆ.

* ಕೊರಮೀನು: ಮರಾಠಿಯಲ್ಲಿ ಮರಳ್, ಇಂಗ್ಲಿಷ್ ಬಲ್ಲವರು ಮುರ್ರೆಲ್ ಎನ್ನುತ್ತಾರೆ. ಗಾಳಿ ಸೇವಿಸಲು ಆಗಾಗ ಮೇಲೆ ಬರುವ, ಕಳೆ ಬೆಳೆದ ನೀರಿನಲ್ಲಿ ಹೊಂಚು ಹಾಕುವ ಬೇಟೆಗಾರ ಮೀನು ಇದು. ಲೂರ್ ಕಲಿಯಬೇಕೆಂದಿರುವವರಿಗೆ ಇದೇ ಸರಿಯಾದ ಗುರಿ.

ಹಿಟ್ಟಿನ ಎರೆ ಮಾಡುವುದು ಹೇಗೆ?

ಎರಡು ಕಪ್ ಗೋಧಿ ಹಿಟ್ಟಿಗೆ ಅರ್ಧ ಕಪ್ ಶೇಂಗಾ ಹಿಂಡಿಯ ಪುಡಿ ಅಥವಾ ಕಡಲೆ ಹಿಟ್ಟು ಸೇರಿಸಿ. ಸ್ವಲ್ಪ ಬೆಲ್ಲ ಕರಗಿಸಿದ ನೀರು ಚಿಮುಕಿಸುತ್ತ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಸೋಂಪಿನ ಪುಡಿ ಒಂದು ಚಿಟಿಕೆ ಬೆರೆಸಿದರೆ ವಾಸನೆ ದೂರ ಹರಡುತ್ತದೆ. ಒದ್ದೆ ಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಬಿಡಿ.

ಹೊಸಬರ ದೊಡ್ಡ ದೂರು, ಎಸೆದ ಕೂಡಲೇ ಹಿಟ್ಟು ಕಳಚಿ ಬೀಳುತ್ತದೆ ಎಂಬುದು. ಇದಕ್ಕೆ ಎರಡು ಉಪಾಯಗಳಿವೆ. ಒಂದು, ನಾದುವಾಗ ಹತ್ತಿಯ ಎಳೆಗಳನ್ನು ತೆಳುವಾಗಿ ಬಿಡಿಸಿ ಬೆರೆಸುವುದು. ಎಳೆಗಳು ಹಿಟ್ಟನ್ನು ಕೊಕ್ಕೆಗೆ ಹಿಡಿದಿಡುತ್ತವೆ. ಇನ್ನೊಂದು, ಉಂಡೆಗಳನ್ನು ಕುದಿಯುವ ನೀರಿಗೆ ಬಿಟ್ಟು ಎರಡು ಮೂರು ನಿಮಿಷ ಬೇಯಿಸುವುದು. ಹೊರಪದರ ಗಟ್ಟಿಯಾಗಿ, ಸಣ್ಣ ಮೀನುಗಳು ಕುಟುಕಿದರೂ ಉಂಡೆ ಬೇಗ ಒಡೆಯುವುದಿಲ್ಲ.

ಕನ್ನಡಿಗರಿಗೆ ಇದು ಹೊಸದೇನಲ್ಲ. ಕಾವೇರಿಯಲ್ಲಿ ಭಾರಿ ಗಾತ್ರದ ಮಹಶೀರ್‌ಗಳಿಗೆ ಗಾಳ ಹಾಕುತ್ತಿದ್ದವರ ನೆಚ್ಚಿನ ಎರೆ, ಬೇಯಿಸಿ ನಾದಿದ ರಾಗಿ ಹಿಟ್ಟಿನ ಉಂಡೆ. ವಿದೇಶಗಳಿಂದ ದುಬಾರಿ ಸಲಕರಣೆ ಹೊತ್ತು ಬಂದವರೂ ಕೊನೆಗೆ ರಾಗಿ ಉಂಡೆಯನ್ನೇ ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ಹರಿವಿನಲ್ಲಿ ಹೊತ್ತು ನಿಲ್ಲುವ ಗುಣವೇ ಅದರ ಹೆಚ್ಚುಗಾರಿಕೆ. ಪುಣೆಯಲ್ಲಿ ರಾಗಿ ಹಿಟ್ಟು ನಾಚಣಿ ಹೆಸರಿನಲ್ಲಿ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ.

ಗಾಳ ಹಾಕುವ ಜಾಗಕ್ಕೆ ಮೊದಲೇ ಒಂದಿಷ್ಟು ಹಿಟ್ಟು ಚೆಲ್ಲಿ ಮೀನು ಸೇರಿಸುವ ರೂಢಿಯೂ ಇದೆ. ಒಂದೆರಡು ಹಿಡಿ ಸಾಕು. ಹೆಚ್ಚು ಸುರಿದರೆ ಮೀನಿನ ಹೊಟ್ಟೆ ತುಂಬುತ್ತದೆ, ಉಳಿದದ್ದು ಕೊಳೆತು ನೀರು ಕೆಡಿಸುತ್ತದೆ.

ಎರೆಹುಳು ಬಳಸುವವರು ಗಮನಿಸಿ

ಹೆಚ್ಚು ಜಾತಿಯ ಮೀನುಗಳು ಒಪ್ಪುವ ಎರೆ ಇದು. ತೋಟದ ಒದ್ದೆ ಮಣ್ಣಿನಲ್ಲಿ, ಎರೆಗೊಬ್ಬರ ಮಾಡುವವರ ಬಳಿ ಸಿಗುತ್ತದೆ. ಗಾಳಿಯಾಡುವಂತೆ ತೂತು ಮಾಡಿದ ಡಬ್ಬಿಯಲ್ಲಿ ತೇವದ ಮಣ್ಣಿನೊಂದಿಗೆ ನೆರಳಿನಲ್ಲಿಡಿ. ಬಿಸಿಲಿಗೆ ಸತ್ತ ಹುಳು ಬೇಗ ಹಳಸುತ್ತದೆ.

ಚಿಕ್ಕ ಮೀನಿಗೆ ಪೂರ್ತಿ ಹುಳು ಬೇಡ. ಉದ್ದ ಬಾಲ ನೇತಾಡುತ್ತಿದ್ದರೆ ಮೀನು ಅದನ್ನಷ್ಟೇ ಕಿತ್ತು ಹೋಗುತ್ತದೆ. ಬೆಂಡು ಕುಣಿಯುತ್ತಿದೆ, ಮೀನು ಸಿಗುತ್ತಿಲ್ಲ ಎಂದರೆ ಸಾಮಾನ್ಯವಾಗಿ ಎರೆ ಅಥವಾ ಕೊಕ್ಕೆ ದೊಡ್ಡದಾಗಿದೆ ಎಂದೇ ಅರ್ಥ.

ಕೊಕ್ಕೆಯ ಸಂಖ್ಯೆ ಓದುವುದು ಕಲಿಯಿರಿ

ಕೊಕ್ಕೆಯ ಲೆಕ್ಕ ಮೊದಮೊದಲು ತಲೆಕೆಳಗಾಗಿ ಕಾಣುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. 14ಕ್ಕಿಂತ 10 ದೊಡ್ಡದು, 10ಕ್ಕಿಂತ 6 ದೊಡ್ಡದು. 1 ದಾಟಿದ ಮೇಲೆ 1/0, 2/0, 3/0 ಎಂದು ಮತ್ತೆ ಗಾತ್ರ ಏರುತ್ತದೆ.

* ಜಿಲೇಬಿ ಮತ್ತು ಸಣ್ಣ ಮೀನು: 10ರಿಂದ 14
* ಗೆಂಡೆ, ರೋಹು, ಮೃಗಾಲ್: 4ರಿಂದ 8
* ಮೀಸೆ ಮೀನು, ಕೊರಮೀನು: 1/0ರಿಂದ 3/0

ಮೊದಲ ದಿನಗಳಿಗೆ 4ರಿಂದ 5 ಕಿಲೋ ಭಾರ ತಡೆಯುವ ನೈಲಾನ್ ದಾರ, ಸುಮಾರು 7 ಅಡಿಯ ಮಧ್ಯಮ ಗಡಸಿನ ರಾಡ್ ಸಾಕು. ಎಷ್ಟು ಗ್ರಾಂ ತೂಕದ ಲೂರ್ ಎಸೆಯಬಹುದು ಎಂದು ರಾಡ್‌ನ ಮೇಲೆಯೇ ಬರೆದಿರುತ್ತದೆ. ಅದಕ್ಕಿಂತ ಹಗುರವಾದದ್ದು ದೂರ ಹೋಗುವುದಿಲ್ಲ, ಭಾರವಾದದ್ದು ರಾಡ್ ಮುರಿಯಬಹುದು.

ಲೂರ್ ಕೊಳ್ಳುವ ಮುನ್ನ

ಐವತ್ತು ಲೂರ್‌ಗಳ ಡಬ್ಬಿಗಿಂತ ಸರಿಯಾಗಿ ಆರಿಸಿದ ನಾಲ್ಕು ಲೂರ್ ಮೇಲು.

* ಸ್ಪೂನ್: ಚಮಚದ ಆಕಾರದ ಲೋಹದ ತುಂಡು. ಎಳೆದಾಗ ಓಲಾಡುತ್ತ ಮಿನುಗುತ್ತದೆ. ತಿಳಿನೀರಿಗೆ ಬೆಳ್ಳಿಬಣ್ಣದ್ದು ಒಳ್ಳೆಯದು. ಮಹಶೀರ್ ಮತ್ತು ಬಾಳೆ ಮೀನು ಇದನ್ನು ಬೆನ್ನಟ್ಟುತ್ತವೆ.
* ಸ್ಪಿನ್ನರ್: ಗಿರಗಿರನೆ ತಿರುಗುವ ತಗಡು ಇರುತ್ತದೆ. ಮೀನಿನ ಪಕ್ಕೆಯ ಉದ್ದಕ್ಕೂ ಕಂಪನ ಗ್ರಹಿಸುವ ಅಂಗದ ಸಾಲು ಇರುವುದರಿಂದ ಕದಡಿದ ನೀರಿನಲ್ಲೂ ಇದರ ಸುಳಿವು ಸಿಗುತ್ತದೆ. ಬಳಸಲು ಅತ್ಯಂತ ಸುಲಭ. ನಿಧಾನವಾಗಿ ಸುತ್ತಿದರೆ ಸಾಕು.
* ರಬ್ಬರ್ ಕಪ್ಪೆ: ಕಳೆಯ ಮೇಲೆ ಜಾರುತ್ತ ಸಾಗುತ್ತದೆ. ಕೊಕ್ಕೆಯ ಮೊನೆ ಬೆನ್ನಿಗೆ ಅಂಟಿಕೊಂಡಿರುವುದರಿಂದ ಗಿಡಗಳಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಕೊರಮೀನಿಗೆ ಹೇಳಿ ಮಾಡಿಸಿದ್ದು. ನೀರು ಚಿಮ್ಮಿದ ಕೂಡಲೇ ಎಳೆಯಬಾರದು. ಮೀನು ಬಾಯಿ ಮುಚ್ಚಲು ಒಂದೆರಡು ಕ್ಷಣ ಬಿಟ್ಟು ಎಳೆಯಬೇಕು.
* ಗಟ್ಟಿ ಪ್ಲಾಸ್ಟಿಕ್ ಮೀನು: ಮೂತಿಯ ಮುಂದೆ ಚಿಕ್ಕ ತುಟಿಯಂಥ ಫಲಕ ಇರುತ್ತದೆ. ಆ ತುಟಿ ಉದ್ದವಾಗಿದ್ದಷ್ಟೂ ಲೂರ್ ಆಳಕ್ಕೆ ಇಳಿಯುತ್ತದೆ. ದಂಡೆಯ ಬಳಿ ಆಳ ಕಡಿಮೆ ಇರುವಲ್ಲಿ ಗಿಡ್ಡ ತುಟಿಯದನ್ನೇ ಬಳಸಿ. ಇಲ್ಲದಿದ್ದರೆ ಮೊದಲ ಎಸೆತದಲ್ಲೇ ಕಲ್ಲಿಗೆ ಸಿಕ್ಕಿ ಕಳೆದುಹೋಗುತ್ತದೆ.

ಬಣ್ಣದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ತಿಳಿನೀರಿಗೆ ಬೆಳ್ಳಿ, ಕಂದು, ಹಸಿರಿನಂಥ ಸಹಜ ಬಣ್ಣ. ಕೆಂಪಾಗಿ ಕದಡಿದ ನೀರಿಗೆ ಕಡು ಹಳದಿ, ಕಿತ್ತಳೆ ಅಥವಾ ಕಪ್ಪು. ಬಣ್ಣಕ್ಕಿಂತ ವೇಗ ಮುಖ್ಯ. ಒಂದೇ ಸಮನೆ ಎಳೆಯುವ ಬದಲು ನಡುನಡುವೆ ನಿಲ್ಲಿಸಿ ಎಳೆದರೆ ಗಾಯಗೊಂಡ ಮರಿಯಂತೆ ಕಾಣುತ್ತದೆ. ಎಷ್ಟೋ ಬಾರಿ ಮೀನು ಎರಗುವುದು ಆ ನಿಲುಗಡೆಯಲ್ಲೇ.

ಕಾಲಕ್ಕೆ ತಕ್ಕಂತೆ ಬದಲಿಸಿ

ಚಳಿಗಾಲದಲ್ಲಿ ಪುಣೆಯ ಬೆಳಗು ಸಾಕಷ್ಟು ತಣ್ಣಗಿರುತ್ತದೆ. ಮೀನಿನ ದೇಹದ ಉಷ್ಣತೆ ನೀರಿನೊಂದಿಗೆ ಇಳಿಯುವುದರಿಂದ ಅದರ ಹಸಿವೂ ತಗ್ಗುತ್ತದೆ. ಆಗ ಎರೆ ಚಿಕ್ಕದಿರಲಿ, ನೀರು ಬಿಸಿಯೇರುವ ಮಧ್ಯಾಹ್ನದ ಹೊತ್ತು ಆರಿಸಿ. ಬೇಸಿಗೆಯಲ್ಲಿ ಇದಕ್ಕೆ ತಿರುಗುಮುರುಗು. ನಸುಕು ಮತ್ತು ಮುಸ್ಸಂಜೆಯೇ ಸರಿಯಾದ ಸಮಯ.

ಮಳೆಗಾಲ ಬಹುತೇಕ ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಈ ತಿಂಗಳುಗಳಲ್ಲಿ ಗಾಳಕ್ಕೆ ಬಿಡುವು ಕೊಡುವುದು ಮುಂದಿನ ವರ್ಷದ ಮೀನಿಗೂ ಒಳ್ಳೆಯದು, ಹಿಡಿಯುವವರ ಜೀವಕ್ಕೂ ಒಳ್ಳೆಯದು. ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಮುಠಾ ನದಿಯ ಮಟ್ಟ ಬಹುಬೇಗ ಏರುತ್ತದೆ.

ಕೊರಮೀನು ತನ್ನ ಮರಿಗಳನ್ನು ಕಾಯುವ ಮೀನು. ನೀರಿನ ಮೇಲ್ಭಾಗದಲ್ಲಿ ಕೆಂಪು ಮರಿಗಳ ಗುಂಪು ಕಂಡರೆ ಅಲ್ಲಿಗೆ ಲೂರ್ ಎಸೆಯಬಾರದು. ಕಾಯುತ್ತಿರುವ ಮೀನು ಕೋಪದಿಂದ ಖಂಡಿತ ಎರಗುತ್ತದೆ, ಆದರೆ ಅದನ್ನು ಮೇಲೆತ್ತಿದರೆ ಮರಿಗಳು ಇತರ ಮೀನುಗಳ ಪಾಲಾಗುತ್ತವೆ.

ಪುಣೆಯ ಹೆಸರಿನೊಂದಿಗೆ ಬೆಸೆದ ಮಹಶೀರ್

ಡೆಕ್ಕನ್ ಮಹಶೀರ್ ಎಂಬ ಮೀನನ್ನು ವಿಜ್ಞಾನಕ್ಕೆ ಮೊದಲು ಪರಿಚಯಿಸಿದ್ದು ಕರ್ನಲ್ ವಿಲಿಯಂ ಹೆನ್ರಿ ಸೈಕ್ಸ್. ಪುಣೆಯ ಪೂರ್ವಕ್ಕೆ ಮುಳಾ-ಮುಠಾ ನದಿಯಲ್ಲಿ ಸಿಕ್ಕ ಮೀನನ್ನು ಅವರು 1839ರಲ್ಲಿ ವಿವರಿಸಿದರು. ದಂಡೆಯ ಜನ ಕರೆಯುತ್ತಿದ್ದ ಹೆಸರುಗಳನ್ನೇ ಹಲವು ಮೀನುಗಳ ವೈಜ್ಞಾನಿಕ ಹೆಸರಾಗಿಸಿದರು. ಖುದ್ರಿ, ಕೋಲಸ್, ಸಿಂಘಾಲಾ ಹೀಗೆ ಬಂದ ಹೆಸರುಗಳು. ಗಾಳದ ಬರವಣಿಗೆಯಲ್ಲಿ ಕರಾವಳಿಗೂ ಪಾಲಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಅವರ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು.

ಸೈಕ್ಸ್ ಕಂಡ ನದಿ ಇಂದು ನಗರದ ಕೊಳಚೆ ಹೊತ್ತು ಹರಿಯುತ್ತಿದೆ. ಮಹಶೀರ್‌ಗೆ ಬೇಕಾದದ್ದು ಆಮ್ಲಜನಕ ತುಂಬಿದ ಹರಿಯುವ ತಿಳಿನೀರು. ಹೀಗಾಗಿ ಊರ ಮೇಲ್ಭಾಗದ, ಸಹ್ಯಾದ್ರಿ ಮಗ್ಗುಲಿನ ನೀರೇ ಅದಕ್ಕೆ ಉಳಿದಿರುವ ಆಸರೆ. ಟಾಟಾ ಪವರ್ ಕಂಪನಿ ಲೋನಾವಳದಲ್ಲಿ 1970ರ ದಶಕದಿಂದ ಮಹಶೀರ್ ಮರಿಗಳನ್ನು ಬೆಳೆಸುತ್ತ ಬಂದಿದೆ.

ಆದರೆ ಒಂದು ನದಿಯ ಮೀನು ಇನ್ನೊಂದು ನದಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಕಾವೇರಿಯೇ ಪಾಠ. ಅಲ್ಲಿ ಹೊರಗಿನಿಂದ ತಂದು ಬಿಟ್ಟ ಇದೇ ಡೆಕ್ಕನ್ ಮಹಶೀರ್ ಹಬ್ಬಿತು. ಕಾವೇರಿಗಷ್ಟೇ ಸೇರಿದ ಡುಬ್ಬದ ಮಹಶೀರ್ ಕುಸಿಯಲು ಇದೂ ಒಂದು ಕಾರಣ ಎಂದು ಸಂಶೋಧಕರು ಗುರುತಿಸಿದ್ದಾರೆ. ಇಂದು ಡುಬ್ಬದ ಮಹಶೀರ್ ತೀವ್ರ ಅಳಿವಿನಂಚಿನಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ.

ಎರೆಯ ವಿಷಯಕ್ಕೂ ಈ ಪಾಠ ಅನ್ವಯಿಸುತ್ತದೆ. ಜೀವಂತ ಮರಿಮೀನನ್ನು ಎರೆಯಾಗಿ ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯಬೇಡಿ. ಮಿಕ್ಕಿದ ಮರಿಗಳನ್ನು ನೀರಿಗೆ ಬಿಡುವುದು ಪುಣ್ಯದ ಕೆಲಸದಂತೆ ಕಂಡರೂ ಹೊಸ ಜಾತಿ, ಹೊಸ ರೋಗ ಎರಡನ್ನೂ ಬಿಟ್ಟಂತೆಯೇ. ಭೀಮಾ ನದಿಯ ಉಜನಿ ಜಲಾಶಯದಲ್ಲಿ ಹೊರದೇಶದ ಜಿಲೇಬಿ ಮೀನು ಎಷ್ಟು ಹಬ್ಬಿದೆ ಎಂಬುದನ್ನು ಭಿಗವಣದ ಮೀನು ಮಾರುಕಟ್ಟೆಯೇ ಹೇಳುತ್ತದೆ. ಅದೇ ಭೀಮಾ ಮುಂದೆ ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಹರಿದು ಕೃಷ್ಣೆಯನ್ನು ಸೇರುತ್ತದೆ.

ಬಿಡುವ ಮೀನು ಬದುಕಬೇಕೆಂದರೆ

ಮಹಶೀರ್ ಅಥವಾ ಗುರುತು ಸಿಗದ ಸ್ಥಳೀಯ ಮೀನು ಸಿಕ್ಕರೆ ಮರಳಿ ನೀರಿಗೆ ಬಿಡುವುದೇ ಸರಿ. ಬಿಟ್ಟ ಮೀನು ಬದುಕುತ್ತದೆಯೇ ಎಂಬುದು ಎರೆ ಮತ್ತು ಕೊಕ್ಕೆ ಆರಿಸುವಾಗಲೇ ಬಹುಪಾಲು ನಿರ್ಧಾರವಾಗಿರುತ್ತದೆ.

ಎರೆಯನ್ನು ಮೀನು ನುಂಗುತ್ತದೆ. ಕಾಯುವವರು ತಡಮಾಡಿದರೆ ಕೊಕ್ಕೆ ಗಂಟಲಿಗಿಳಿದು ಕಿವಿರು ಹರಿಯುತ್ತದೆ. ಹಾಗಾಗಿ ಎರೆ ಹಾಕಿ ರಾಡ್ ಬಿಟ್ಟು ಹೋಗಬಾರದು, ಬೆಂಡು ಮುಳುಗಿದ ಕೂಡಲೇ ಎತ್ತಬೇಕು. ಲೂರ್ ಹೆಚ್ಚಾಗಿ ತುಟಿಯಲ್ಲೇ ಸಿಕ್ಕುತ್ತದೆ, ಆದರೆ ಮೂರು ಮೊನೆಯ ಕೊಕ್ಕೆಗಳಿಂದ ಗಾಯ ಹೆಚ್ಚು. ಅವನ್ನು ತೆಗೆದು ಒಂಟಿ ಕೊಕ್ಕೆ ಹಾಕಬಹುದು. ಕೊಕ್ಕೆಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಅದುಮಿ ಚಪ್ಪಟೆ ಮಾಡಿದರೆ ಬಿಡಿಸುವುದು ಸುಲಭ. ಮೀನಿಗಷ್ಟೇ ಅಲ್ಲ, ಅಕಸ್ಮಾತ್ ನಿಮ್ಮ ಬೆರಳಿಗೆ ಚುಚ್ಚಿದರೂ ಇದರ ಉಪಕಾರ ತಿಳಿಯುತ್ತದೆ.

ಒಣಗೈಯಲ್ಲಿ ಮೀನು ಹಿಡಿಯಬೇಡಿ. ಮೈಮೇಲಿನ ಲೋಳೆ ಅದರ ರಕ್ಷಣೆ. ಕೈ ಒದ್ದೆ ಮಾಡಿಕೊಂಡು, ಸಾಧ್ಯವಾದರೆ ನೀರಿನಲ್ಲೇ ಕೊಕ್ಕೆ ಬಿಡಿಸಿ. ಫೋಟೊಗೆ ಕೆಲವೇ ಸೆಕೆಂಡು ಸಾಕು.

ಅನುಮತಿ, ಸುರಕ್ಷತೆ ಮತ್ತು ಊಟ

ಮಹಾರಾಷ್ಟ್ರದ ಹಲವು ಜಲಾಶಯಗಳಲ್ಲಿ ಮೀನುಗಾರಿಕೆಯ ಹಕ್ಕನ್ನು ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ನೀಡಲಾಗುತ್ತದೆ. ಗಾಳ ಹಾಕುವ ಮುನ್ನ ಸ್ಥಳೀಯ ಸಂಘ ಅಥವಾ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಭೀಮಾಶಂಕರದಂಥ ವನ್ಯಜೀವಿ ಧಾಮಗಳ ಒಳಗೆ ಮೀನು ಹಿಡಿಯುವಂತಿಲ್ಲ. ದೇಹು, ಆಳಂದಿಯಂಥ ಕ್ಷೇತ್ರಗಳ ಘಾಟ್‌ಗಳನ್ನು ಗಾಳದಿಂದ ದೂರವಿಡಿ. ಶೃಂಗೇರಿ, ಶಿಶಿಲದ ದೇವರ ಮೀನುಗಳ ಬಗ್ಗೆ ಕನ್ನಡಿಗರಿಗೆ ಇರುವ ಭಾವವೇ ಇಲ್ಲಿನ ಭಕ್ತರಿಗೂ ಇದೆ.

ಖಡಕ್‌ವಾಸ್ಲಾ ಹಿನ್ನೀರಿನಲ್ಲಿ ಮುಳುಗಿ ಸತ್ತವರ ಸುದ್ದಿ ಪದೇ ಪದೇ ಬರುತ್ತದೆ. ದಂಡೆಯ ಕೆಸರು ಗಟ್ಟಿಯಾಗಿ ಕಂಡರೂ ಕುಸಿಯುತ್ತದೆ. ಕಲ್ಲಿಗೆ ಸಿಕ್ಕ ಲೂರ್ ಬಿಡಿಸಲು ನೀರಿಗಿಳಿಯಬೇಡಿ. ದಾರ ಕತ್ತರಿಸಿ, ಲೂರ್ ಹೋದರೆ ಹೋಗಲಿ.

ಕತ್ತರಿಸಿದ ನೈಲಾನ್ ದಾರದ ತುಂಡುಗಳನ್ನು ದಂಡೆಯಲ್ಲಿ ಬಿಸಾಡದೆ ಜೇಬಿಗೆ ಹಾಕಿಕೊಳ್ಳಿ. ನೀರುಹಕ್ಕಿಗಳ ಕಾಲು, ಕೊಕ್ಕಿಗೆ ಸುತ್ತಿಕೊಂಡರೆ ಅವು ನರಳಿ ಸಾಯುತ್ತವೆ. ರಾಜಹಂಸಗಳನ್ನು ನೋಡಲು ಜನ ಹೋಗುವ ಭಿಗವಣದಂಥ ಕಡೆ ಇದು ಇನ್ನೂ ಮುಖ್ಯ.

ನಗರದೊಳಗೆ ಹರಿಯುವ ಮುಳಾ, ಮುಠಾ ಮತ್ತು ಪವನಾ ನದಿಗಳು ದೇಶದ ಕಲುಷಿತ ನದಿಪಾತ್ರಗಳ ಪಟ್ಟಿಯಲ್ಲಿವೆ. ಇಲ್ಲಿ ಹಿಡಿದ ಮೀನನ್ನು ಅಡುಗೆಗೆ ಬಳಸದಿರುವುದೇ ಕ್ಷೇಮ. ಜಿಲೇಬಿ ಮೀನು ಕೊಳಕು ನೀರಿನಲ್ಲೂ ಗುಂಡುಗುಂಡಾಗಿ ಬೆಳೆಯುತ್ತದೆ. ನೋಡಲು ಆರೋಗ್ಯವಾಗಿದೆ ಎಂದ ಮಾತ್ರಕ್ಕೆ ತಿನ್ನಲು ಯೋಗ್ಯ ಎಂದಲ್ಲ.

ಮೊದಲ ದಿನ ಏನೇನು ಬೇಕು?

* 10 ಮತ್ತು 12ನೇ ಸಂಖ್ಯೆಯ ಕೊಕ್ಕೆಗಳು, ಎರಡು ಬೆಂಡು, ಚಿಕ್ಕ ಸೀಸದ ಗುಂಡುಗಳು
* ಒಂದು ಡಬ್ಬಿ ಹಿಟ್ಟಿನ ಎರೆ, ಒಂದು ಡಬ್ಬಿ ಎರೆಹುಳು
* ಚಿಕ್ಕ ಇಕ್ಕಳ, ಕತ್ತರಿ, ಒದ್ದೆ ಬಟ್ಟೆ
* ಲೂರ್ ಬೇಕೇ ಬೇಕೆಂದರೆ 5ರಿಂದ 10 ಗ್ರಾಂನ ಒಂದು ಸ್ಪಿನ್ನರ್, ಅಷ್ಟೇ

ಮೊಣಕಾಲುದ್ದದಿಂದ ಸೊಂಟದುದ್ದದ ಆಳಕ್ಕೆ ಬೆಂಡು ಕಟ್ಟಿ, ದಂಡೆಯಿಂದ ನಾಲ್ಕೈದು ಮೀಟರ್ ದೂರಕ್ಕೆ ಎಸೆಯಿರಿ. ಅರ್ಧ ಗಂಟೆ ಏನೂ ಆಗದಿದ್ದರೆ ಎರೆ ಬದಲಿಸುವ ಮುನ್ನ ಆಳ ಬದಲಿಸಿ, ಆಮೇಲೆ ಜಾಗ ಬದಲಿಸಿ. ಆಗಲೂ ಕಚ್ಚದಿದ್ದರೆ ಹಿಟ್ಟಿನಿಂದ ಹುಳುವಿಗೆ ಬನ್ನಿ. ಹೀಗೆ ಒಂದೊಂದನ್ನೇ ಬದಲಿಸಿದರೆ ಯಾವುದರಿಂದ ಮೀನು ಸಿಕ್ಕಿತು ಎಂಬುದು ಗೊತ್ತಾಗುತ್ತದೆ, ಮುಂದಿನ ಬಾರಿ ಅಲ್ಲಿಂದಲೇ ಶುರು ಮಾಡಬಹುದು.